ಗಾಳೆಮ್ಮ ತಿಕ್ಕದೆ ಬಿಟ್ಟ ಬಂಡೆ

ಕಾನಹೊಸಹಳ್ಳಿಯಿಂದ ನಾಲ್ಕು ಮೈಲಿ ಒಳಗೆ, ಗುಡ್ಡದ ಬುಡದಲ್ಲಿ ಒಂದು ಒರತೆ. ಹೆರಿಗೆಯಾದ ಮನೆಯವರು ಗಂಗೆ ಪೂಜೆಗೆ ಕೊಡ ತುಂಬುವುದು ಅಲ್ಲಿಯೇ. ಪೂಜೆಯ ನೀರಿನ ಹತ್ತಿರ ಪಾಚಿ ಇರಬಾರದೆಂದು ಮೂರು ವರ್ಷದಿಂದ ಪಂಚಾಯಿತಿಯವರು ಪ್ರತಿ ಬೇಸಿಗೆ ಉದ್ಯೋಗ ಖಾತ್ರಿ ಕೂಲಿಯವರಿಂದ ಬಂಡೆ ತಿಕ್ಕಿಸುತ್ತಿದ್ದರು. ಏಳನೆಯ ತರಗತಿಗೆ ಶಾಲೆ ಬಿಟ್ಟ ಗಾಳೆಮ್ಮನಿಗೆ ಆಗಿನಿಂದಲೂ ತಂತಿ ಬ್ರಷ್ಷಿನ ಕೆಲಸ.

ಅವಳು ಯಾರಿಗೂ ಹೇಳದ ಒಂದು ಕಳ್ಳತನ ಮಾಡುತ್ತಿದ್ದಳು. ಬಂಡೆಯ ಎಡಭಾಗವನ್ನು ಬೆಳ್ಳಗೆ ತಿಕ್ಕಿ, ಬಲಗಡೆ ಚಾಚುಗಲ್ಲಿನ ನೆರಳಿನಲ್ಲಿದ್ದ ಒಂದು ಮೊಳ ಹಸಿರನ್ನು ಹಾಗೇ ಬಿಡುತ್ತಿದ್ದಳು. ಕೈಯಿಟ್ಟರೆ ಎಳೆಗೂಸಿನ ನೆತ್ತಿಯಂತೆ ಮೆತ್ತಗಿತ್ತು. ಕೆರೆಯಲು ಮನಸ್ಸು ಬರಲಿಲ್ಲ.

ಈ ಏಪ್ರಿಲ್‌ನಲ್ಲಿ ಪಾಚಿಗಳ ಬಗ್ಗೆ ಸಂಶೋಧನೆ ಮಾಡುವ ಸುಮಲತಾ ಬಂದು, ಆ ಹಸಿರಿನ ಮುಂದೆ ಮಂಡಿಯೂರಿ ಕೂತಳು.

"ಹರಪನಹಳ್ಳಿಯಿಂದ ಹಡಗಲಿವರೆಗೆ ಎರಡು ವರ್ಷ ಹುಡುಕಿದೆ. ಎಲ್ಲ ಕಡೆ ತಿಕ್ಕಿದ್ದಾರೆ, ಇಲ್ಲವೇ ಸಿಮೆಂಟ್ ಬಳಿದಿದ್ದಾರೆ. ಈ ಜಾತಿಯದು ಇಲ್ಲಿ ಮಾತ್ರ ಸಿಕ್ಕಿತು. ಹೇಗೆ ಉಳಿಯಿತು?"

ಗಾಳೆಮ್ಮ ನೆಲ ನೋಡಿದಳು. ಹೇಳಿದರೆ ಕೆಲಸಗಳ್ಳಿ ಎನ್ನುತ್ತಾರೆ. ಹೇಳದಿದ್ದರೆ? ಆಗಲೇ ಸಿಮೆಂಟ್ ಚೀಲ ಇಳಿದಿದ್ದವು. ಬಂಡೆಗೆ ಗಿಲಾವು ಮಾಡಿ ನಲ್ಲಿ ಕೂಡಿಸಲು ಗುತ್ತಿಗೆದಾರ ಬೆನಕಪ್ಪನೂ ಪಂಚಾಯಿತಿ ಮೆಂಬರ್ ನಾಗಲಿಂಗಮ್ಮನೂ ಬಂದು ನಿಂತಿದ್ದರು.

"ಪಾಚಿಗೂ ಪಿಎಚ್‌ಡಿ ಮಾಡ್ತಾರೇನ್ರಿ ಮೇಡಂ?" ಬೆನಕಪ್ಪ ನಕ್ಕ. "ನೀರು ಐತಿ ಅಂತ ಪಾಚಿ ಐತಿ. ಪಾಚಿ ತೆಗದ್ರ ನೀರೇನು ಎದ್ದು ಓಡ್ತೈತಾ?"

ಗಾಳೆಮ್ಮ ಊಟದ ಗಂಟಿನಿಂದ ಎರಡು ತಂಬಿಗೆ ತೆಗೆದು ಬಂಡೆಯ ಬುಡದಲ್ಲಿ ಎಡಕ್ಕೊಂದು, ಬಲಕ್ಕೆ ಹಸಿರಿನ ಕೆಳಗೊಂದು ಇಟ್ಟಳು.

"ರೊಟ್ಟಿ ತಿಂದು ಬಂದು ನೋಡ್ರಿ" ಎಂದಳು, ಅರ್ಧ ದನಿಯಲ್ಲಿ.

ತಿಂದು ಬಂದು ನೋಡಿದರು. ಬಲಗಡೆಯ ತಂಬಿಗೆ ತುಂಬಿ ಹೊರಗೆ ಚೆಲ್ಲುತ್ತಿತ್ತು. ಎಡಗಡೆಯದರಲ್ಲಿ ಒಂದು ಇರುವೆ ಓಡಾಡುತ್ತಿತ್ತು.

"ಆ ಕಡಿ ಮೊದಲಿಂದ್ಲೂ ನೀರಿಲ್ಲ ಬಿಡು" ಎಂದ ಬೆನಕಪ್ಪ.

"ಇತ್ರಿ." ಗಾಳೆಮ್ಮ ಎಡಗಡೆಯ ಬೋಳು ಬಂಡೆಯ ಮೇಲೆ ಕೈಯಿಟ್ಟಳು. "ಮೂರು ವರ್ಷದ ಹಿಂದ ಅಲ್ಲೂ ಹಸಿರಿತ್ತು, ಅಲ್ಲೂ ಹನಿ ಬೀಳ್ತಿತ್ತು. ತಿಕ್ಕಿದಾಕಿ ನಾನ. ಈಗ ಮಳಿ ಬಂದ್ರ ನೀರು ಜಾರಿ ಹೋಗ್ತೈತಿ, ಹಿಡಕೊಳ್ಳಾಕ ಏನೂ ಇಲ್ಲ. ಬಲಕ್ಕ ಮಾತ್ರ ತಿಕ್ಕಿಲ್ರಿ. ಮೂರು ವರ್ಷ ನಿಮಗ ಸುಳ್ಳು ಹೇಳೀನಿ."

ನಾಗಲಿಂಗಮ್ಮ ತುಂಬಿದ ತಂಬಿಗೆಯಲ್ಲಿ ಬೆರಳದ್ದಿ ನೋಡಿದಳು. ಆಮೇಲೆ ಗುಡ್ಡ ಕೇಳುವಂತೆ ನಕ್ಕಳು.

"ಎಲಾ ಇವಳ! ನಾವೆಲ್ಲ ನಿಯತ್ತಿಲೆ ನೀರು ಕೊಂದ್ವಿ, ಈ ಕೆಲಸಗಳ್ಳಿ ಉಳಿಸ್ಯಾಳ ನೋಡ್ರಿ! ಬೆನಕಪ್ಪಾ, ಚೀಲ ಎತ್ತು. ಮೊನ್ನೆ ಹಡದ ನನ್ನ ಮಗಳ ಗಂಗಿ ಪೂಜಿ ಕೊಡ ಈ ಹಸಿರಿನ ಬುಡಕ್ಕ ತುಂಬಬೇಕು. ಇನ್ನ ಇಲ್ಲಿ ಬ್ರಷ್ ಮುಟ್ಟಿಸೋರು ಮೊದಲು ನನ್ನ ಕೇಳಬೇಕು."

"ನಿಮ್ಮನ್ಯಾಕ, ಈ ಗಾಳೆಮ್ಮನ್ನ ಕೇಳ್ಲಿ" ಎಂದು ಗೊಣಗುತ್ತ, ಬೆನಕಪ್ಪ ಚೀಲ ಹೊತ್ತು ತಿರುಗಿದ. ಅವನ ಬೂಟು ಪಾಚಿಯ ಅಂಚನ್ನು ತುಳಿಯಿತು.

"ಕಾಲು ತೆಗೀರಿ!"

ಗುಡ್ಡಕ್ಕೆ ಬಡಿದು ವಾಪಸು ಬಂದ ಆ ದನಿ ಗಾಳೆಮ್ಮನದು. ಬೆನಕಪ್ಪ ಚೀಲದ ಸಮೇತ ಹಿಂದಕ್ಕೆ ಹಾರಿದ. ಕೂಲಿಯ ಹೆಂಗಸರು ಹೊಟ್ಟೆ ಹಿಡಿದು ನಕ್ಕರು.

ಬೂಟು ಒತ್ತಿದ ಜಾಗದಲ್ಲಿ ಹಸಿರು ಮೆಲ್ಲಗೆ ಮೇಲೆದ್ದಿತು.