ಕ್ರೇನಿನವನ ಹೊಟ್ಟೆ

ಹತ್ತೊಂಬತ್ತು ವರ್ಷ ನಾನು ಟವರ್ ಕ್ರೇನ್ ಓಡಿಸಿದವನು. ಅರವತ್ತು ಮೀಟರ್ ಮೇಲೆ, ಗಾಜಿನ ಕ್ಯಾಬಿನ್ನಿನಲ್ಲಿ, ಒಬ್ಬನೇ. ಈಗ ಅದೇ ಸೈಟಿನ ಗೋದಾಮಿನ ಬಾಗಿಲಲ್ಲಿ ಕೂತು ಬಂದವರಿಗೆಲ್ಲ ಕೈಗವಸು ಹಂಚುತ್ತೇನೆ. ಥೂ, ಇದೂ ಒಂದು ಕೆಲಸವೇ? ಕತ್ತೆತ್ತಿ ಮೇಲೆ ನೋಡಿದಾಗಲೆಲ್ಲ ಹೊಟ್ಟೆಕಿಚ್ಚಾಗುತ್ತದೆ. ಹೊಟ್ಟೆಗೆ ಮೊದಲೇ ಇದ್ದ ಕಾಟ ಸಾಲದೆಂದು ಇದೊಂದು.

ನನ್ನನ್ನು ಕೆಳಗಿಳಿಸಿದ್ದೇ ಈ ಹಾಳು ಹೊಟ್ಟೆ. ಡಾಕ್ಟರುಗಳು ಐಬಿಎಸ್, ಅಂದರೆ ಕರುಳು ಕೆರಳುವ ಕಾಯಿಲೆ, ಎನ್ನುತ್ತಾರೆ. ಹುಣ್ಣಿಲ್ಲ, ಗಡ್ಡೆಯಿಲ್ಲ, ಎಲ್ಲ ಪರೀಕ್ಷೆಯೂ ಸರಿ. ಆದರೂ ಕರುಳು ಹಿಂಡುತ್ತದೆ, ಓಡಿಸುತ್ತದೆ. ಅಷ್ಟು ಎತ್ತರದಿಂದ ಓಡುವುದಾದರೂ ಎಲ್ಲಿಗೆ? ಇಳಿಯುವುದಕ್ಕೇ ಹತ್ತು ನಿಮಿಷದ ಏಣಿ. ಹೋದ ವರ್ಷ ಕಬ್ಬಿಣದ ಕಟ್ಟು ಎತ್ತುವಾಗ ಹೊಟ್ಟೆ ಹಿಂಡಿ ಕೈ ತಪ್ಪಿತು. ಕಟ್ಟು ಓಲಾಡಿ, ಕೆಳಗೆ ಕೊಕ್ಕೆ ಹಾಕುವವನ ತಲೆಯ ಪಕ್ಕದಲ್ಲೇ ಹಾದುಹೋಯಿತು. ಅವನು ನನ್ನ ಹೆಂಡತಿಯ ತಮ್ಮ. ಮರುದಿನವೇ ಇಂಜಿನಿಯರು ನನ್ನನ್ನು ಕೆಳಗೆ ಕೂರಿಸಿದರು. "ವಾಸಿಯಾಗಿದೆ ಅಂತ ಆಸ್ಪತ್ರೆಯಿಂದ ಪತ್ರ ತನ್ನಿ, ಮತ್ತೆ ಹತ್ತಿಸ್ತೀನಿ" ಎಂದರು.

ಪತ್ರದಾಸೆಗೆ ಆಸ್ಪತ್ರೆಯ ಅಧ್ಯಯನವೊಂದಕ್ಕೆ ಸೇರಿಕೊಂಡೆ. ನನ್ನಂಥವರಿಗೆ ಅಕ್ಯುಪಂಕ್ಚರ್ ಸೂಜಿ ಹಾಕಿದರೆ ಮಿದುಳಿನಲ್ಲಿ ಏನಾಗುತ್ತದೆ ಎಂದು ನೋಡುವುದಂತೆ.

"ಹೊಟ್ಟೆನೋವಿಗೆ ತಲೆ ಯಾಕೆ ನೋಡ್ತೀರಿ ಮೇಡಂ?" ಎಂದು ಕೇಳಿದೆ.

ಡಾಕ್ಟರಮ್ಮ ನಕ್ಕರು. "ಕರುಳು ಪಿಸುಗುಟ್ಟಿದ್ದು ನಿಮ್ಮ ಮಿದುಳಿಗೆ ಕಿರುಚಿದ ಹಾಗೆ ಕೇಳುತ್ತೆ. ಸೂಜಿ ಹಾಕಿದ್ರೆ ಆ ಗಲಾಟೆ ಕಡಿಮೆ ಆಗುತ್ತಾ ಅಂತ ನೋಡೋದು." ಕೆಲವರಿಗೆ ನಿಜವಾದ ಸೂಜಿ, ಕೆಲವರಿಗೆ ಚುಚ್ಚಿದಂತೆ ಅನ್ನಿಸುವ ಸುಳ್ಳು ಸೂಜಿ, ಯಾರಿಗೆ ಯಾವುದೆಂದು ಕೊನೆಯವರೆಗೂ ಹೇಳುವುದಿಲ್ಲ.

ಮೊದಲು ಸ್ಕ್ಯಾನ್. ಕೊಳವೆಯಂಥ ಯಂತ್ರದೊಳಗೆ ಮಲಗಿಸಿ, ಹಿಂದಿನಿಂದ ಕರುಳಿಗೆ ಪುಟ್ಟ ಬಲೂನು ತೂರಿಸಿ ಗಾಳಿ ತುಂಬಿದರು. ಮಾನ ಮರ್ಯಾದೆಯ ಮಾತು ಬಿಡಿ. ನೋವು ಎಷ್ಟೆಂದು ಬಲಗೈಗೆ ಕೊಟ್ಟ ಗುಂಡಿ ಒತ್ತಿ ಹೇಳಬೇಕು. ಒಂದೊಂದು ಒತ್ತಿಗೆ ಒಂದೊಂದು ಅಂಕ, ಹತ್ತರವರೆಗೆ. ಎಂಟು ಒತ್ತಿದೆ. ಆಮೇಲೆ ಐದು ವಾರದಲ್ಲಿ ಹತ್ತು ಸಲ ಮೊಣಕಾಲ ಕೆಳಗೆ, ಹೊಟ್ಟೆಯ ಮೇಲೆ ಸೂಜಿ. ಮಂಚದ ಮೇಲೆ ಮಲಗಿದಷ್ಟು ಹೊತ್ತೂ ನನ್ನ ಜೀವ ಕ್ರೇನಿನಲ್ಲೇ ಇರುತ್ತಿತ್ತು. ಗಾಳಿಗೆ ಕ್ಯಾಬಿನ್ ಮೆಲ್ಲಗೆ ತೂಗುವುದು, ಬೀದಿಗಳೆಲ್ಲ ಕಾಲ ಕೆಳಗೆ ಹರಡಿರುವುದು, ಯಾರ ರಗಳೆಯೂ ಇಲ್ಲದ ಆ ಮೌನ. ಅದಕ್ಕಾಗಿ ಇನ್ನೂ ನೂರು ಸೂಜಿ ಚುಚ್ಚಿದರೂ ಬೇಡ ಎನ್ನುತ್ತಿರಲಿಲ್ಲ.

ಎರಡನೆಯ ಸ್ಕ್ಯಾನಿಗೆ ಹೋಗುವಾಗಲೇ ತೀರ್ಮಾನ ಮಾಡಿದ್ದೆ. ಎಷ್ಟೇ ನೋಯಲಿ, ಎರಡು ಒತ್ತುವುದು. ಪತ್ರ ಕೈಗೆ ಬಂದರೆ ಸಾಕು.

ಬಲೂನು ಉಬ್ಬಿತು. ನಿಜ ಹೇಳಬೇಕೆಂದರೆ ಮೊದಲಿನಷ್ಟು ನೋವಿರಲಿಲ್ಲ. ಎರಡು ಸಲ ಒತ್ತಿ ಬೆರಳು ತೆಗೆದೆ. ಅಷ್ಟರಲ್ಲಿ ಕರುಳು ಒಮ್ಮೆ ಹಿಂಡಿತು ನೋಡಿ, ಎಡಗೈ ನನ್ನನ್ನು ಕೇಳದೆಯೇ ಮುಷ್ಟಿ ಕಟ್ಟಿ ಪಕ್ಕಕ್ಕೆ ಜಗ್ಗಿತು. ಕ್ರೇನಿನ ತೋಳು ತಿರುಗಿಸುವ ಲಿವರು ಹಿಡಿಯುತ್ತಿದ್ದದ್ದು ಆ ಕೈಯೇ. ಕೊಕ್ಕೆಯಲ್ಲಿ ಕಬ್ಬಿಣವಿದ್ದಿದ್ದರೆ? ಕೆಳಗೆ ಹೆಂಡತಿಯ ತಮ್ಮ ನಿಂತಿದ್ದರೆ? ಅಯ್ಯೋ ದೇವರೇ ಎಂದುಕೊಂಡು ಇನ್ನೂ ಮೂರು ಸಲ ಒತ್ತಿದೆ.

"ಎಂಟರಿಂದ ಐದು!" ಡಾಕ್ಟರಮ್ಮನ ಮುಖ ಅರಳಿತ್ತು. ಪರದೆಯ ಮೇಲೆ ನನ್ನ ಮಿದುಳಿನ ಎರಡು ಚಿತ್ರ ತೋರಿಸಿದರು. ಮೊದಲನೆಯದರಲ್ಲಿ ಕೆಂಪಗಿದ್ದ ಜಾಗ ಎರಡನೆಯದರಲ್ಲಿ ಮಂಕಾಗಿತ್ತು. "ಒಬ್ಬರ ಚಿತ್ರ ನೋಡಿ ಏನೂ ತೀರ್ಮಾನ ಹೇಳೋಕಾಗಲ್ಲ. ಆದ್ರೂ ನಿಮಗೆ ಒಳ್ಳೇದಾಗಿದೆ ಅಲ್ವಾ?"

"ಆಗಿದೆ ಮೇಡಂ," ಎಂದೆ. ಸುಳ್ಳಲ್ಲ. ಊಟದ ತಟ್ಟೆ ಕಂಡರೆ ಹೆದರುವುದು ಬಿಟ್ಟಿದ್ದೆ. ಪತ್ರದ ಮಾತನ್ನು ಮಾತ್ರ ಎತ್ತಲಿಲ್ಲ.

ಹೊರಗೆ ಭಾವಮೈದ ಬೈಕಿನ ಮೇಲೆ ಕಾಯುತ್ತಿದ್ದ. "ಪತ್ರ ಕೊಟ್ರಾ ಭಾವ? ನೀವು ಬೇಗ ಬಂದ್ಬಿಡಿ. ಈಗಿರೋನು ಕೊಕ್ಕೆ ಇಳಿಸೋಕೆ ಅರ್ಧ ದಿನ ತಗೋತಾನೆ."

"ನಿಧಾನ ಆದ್ರೇನು, ಅವನೇ ಇರಲಿ ಬಿಡೋ. ನಾನು ಪತ್ರ ಕೇಳಲಿಲ್ಲ."

ಅವನು ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟ. ಸೈಟಿನ ಮುಂದೆ ಹಾಯುವಾಗ ಬೈಕ್ ನಿಲ್ಲಿಸು ಎಂದೆ. ಮೇಲೆ ಕ್ರೇನಿನ ತೋಳು ತಿರುಗುತ್ತಿತ್ತು.

"ನನಗೆ ಅಲ್ಲಿಗೆ ಹೋಗಬೇಕು ಕಣೋ," ಎಂದು ಅವನ ಹೆಗಲು ಹಿಡಿದು ಗಳಗಳನೆ ಅತ್ತುಬಿಟ್ಟೆ.

"ಗೊತ್ತು ಭಾವ," ಎಂದ. ನಾನು ಸಾಕೆನ್ನುವವರೆಗೂ ಅವನು ಬೈಕ್ ಸ್ಟಾರ್ಟ್ ಮಾಡಲಿಲ್ಲ.