ಎತ್ತರದ ಕುರ್ಚಿ

"ಈ ಕುರ್ಚಿ ಯಾಕಪ್ಪಾ ಬಾಗಿಲಿಗೆ ಅಡ್ಡ? ಎತ್ತಿ ಆಚೆ ಹಾಕಿ," ಎಂದು ಚಿಕ್ಕಮ್ಮ ಕೂಗಿದಳು. ದೇಹ ಹೊರಲು ಬಂದವರಲ್ಲೊಬ್ಬ ಕುರ್ಚಿಯ ಬೆನ್ನಿಗೆ ಕೈ ಹಾಕಿದ.

"ಮುಟ್ಟಬೇಡಿ ಅದನ್ನ," ಅಂದ ಅಪ್ಪ.

ಬೆಳಗಿನಿಂದ ಅವನು ಬಾಯಿ ಬಿಟ್ಟಿದ್ದು ಅದೇ ಮೊದಲು. ಎದ್ದು ಬಂದು ಕುರ್ಚಿಯನ್ನು ತಾನೇ ಗೋಡೆಗೆ ಆನಿಸಿ, ಅದರ ಪಕ್ಕದಲ್ಲಿ ಕಾವಲಿನವನ ಹಾಗೆ ನಿಂತ.

ಅಮ್ಮನ ತಲೆಯ ಹತ್ತಿರ ಕೂತಿದ್ದ ಮಗಳು ನೋಡುತ್ತಿದ್ದಳು. ಮಂಚದ ಕಾಲುಗಳ ಕೆಳಗೆ ಮರದ ತುಂಡು, ಸೋಫಾದ ಕೆಳಗೆ ಮರದ ತುಂಡು, ಊಟದ ಮೇಜಿನ ಕೆಳಗೂ ಅದೇ. ಸೊಂಟದ ಕೀಲು ಬದಲಾಯಿಸಿದ ಮೇಲೆ ಕೂತಾಗ ಮಂಡಿ ಸೊಂಟಕ್ಕಿಂತ ಮೇಲೆ ಬರಕೂಡದು ಅಂತ ಡಾಕ್ಟರು ಹೇಳಿದ್ದೇ ತಡ, ಬಡಗಿ ಅಪ್ಪ ಇಡೀ ಮನೆಯನ್ನೇ ಒಂದು ಗೇಣು ಮೇಲೆತ್ತಿಬಿಟ್ಟಿದ್ದ. ಆ ಕುರ್ಚಿಯನ್ನಂತೂ ಅವಳ ಅಳತೆಗೆ ಹೊಸದಾಗಿಯೇ ಮಾಡಿದ್ದ. ನಿನ್ನೆ ಮಧ್ಯಾಹ್ನ ಊಟ ಮಾಡಿ, ಎತ್ತರಿಸಿದ ಮಂಚದ ಮೇಲೆ ಮಲಗಿದ ಅಮ್ಮ ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿದೆ ಅಂದಿದ್ದರು.

ಬೀದಿಯ ಇಸ್ತ್ರಿಯವನು ಒಳಗೆ ಬಂದ. ಮಡಿಕೆ ಮುರಿಯದ ಬಿಳಿ ಹಾಸೊಂದನ್ನು ಅಮ್ಮನ ಕಾಲಿನ ಮೇಲೆ ಹೊದಿಸಿ ಕಣ್ಣೊರೆಸಿಕೊಂಡ.

"ಮೊನ್ನೆ ತಾನೆ ಟೈಲರಕ್ಕ ನನ್ನ ಗಾಡಿ ಹತ್ರ ಕೂತು ಬೈದು ಹೋದ್ರು. ಒಂದು ಕಾಲರ್ ನೆಟ್ಟಗೆ ನಿಲ್ಸೋಕೆ ಬರಲ್ಲ, ನಿಂಗ್ಯಾಕೆ ಇದ್ದಿಲು ದಂಡ ಅಂತ."

"ಗಾಡಿ ಹತ್ರಾನಾ?" ಮಗಳು ತಲೆಯೆತ್ತಿದಳು. "ಆಪರೇಷನ್ ಆದ್ಮೇಲೆ ಅಮ್ಮ ಗೇಟೇ ದಾಟಿಲ್ಲ ಅಣ್ಣ."

ಇಸ್ತ್ರಿಯವನು ಅಪ್ಪನ ಮುಖ ನೋಡಿದ. ಅಪ್ಪ ನೆಲ ನೋಡಿದ.

"ದಿನಾ ಬರ್ತಿದ್ರಲ್ಲಮ್ಮ... ನೀವು ಕೆಲ್ಸಕ್ಕೆ ಹೋದ್ಮೇಲೆ. ಅಕ್ಕ ವಾಕರ್ ಹಿಡ್ಕೊಂಡು ಮುಂದೆ, ಮೇಸ್ತ್ರಿ ಕುರ್ಚಿ ಹೊತ್ಕೊಂಡು ಹಿಂದೆ. ಸುಸ್ತಾದ ಕಡೆ ಇವರು ಕುರ್ಚಿ ಹಾಕೋದು, ಅವರು ಕೂರೋದು. ಮಹಾರಾಣಿ ಸವಾರಿ ಬಂತು ಅಂತ ಬೀದಿಯೋರೆಲ್ಲ ರೇಗ್ಸೋರು."

ಚಿಕ್ಕಮ್ಮನಿಗೆ ನಗು ಬಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗಳು ನಗಲಿಲ್ಲ.

"ಅಪ್ಪಾ, ನಿಜಾನಾ?"

ಅಪ್ಪ ಹೌದೆಂದು ತಲೆಯಾಡಿಸಿದ.

"ನಿನ್ನೆ ಕೂಡ ಕರ್ಕೊಂಡು ಹೋಗಿದ್ಯಾ?"

"ಹೋಗಿದ್ವಿ."

"ನಾನು ಬಡ್ಕೊಂಡಿದ್ದೆಲ್ಲ ನಿನ್ನ ಕಿವಿಗೆ ಬೀಳ್ಲೇ ಇಲ್ವಲ್ಲ." ಅವಳ ದನಿ ಸಣ್ಣದಾಯಿತು. "ನಡೆಸಿ ನಡೆಸಿ ಸಾಯಿಸಿಬಿಟ್ಟೆ ಅವಳನ್ನ."



"ಏಯ್, ನಾಲಿಗೆ ಬಿಗಿ ಹಿಡಿ," ಅಂದಳು ಚಿಕ್ಕಮ್ಮ. "ಹೊತ್ತುಗೊತ್ತು ಇಲ್ವಾ ನಿಂಗೆ?"

ಅಪ್ಪ ಕುರ್ಚಿಯ ತೋಳನ್ನು ಅಂಗೈಯಿಂದ ಸವರುತ್ತ ನಿಂತೇ ಇದ್ದ.

*

ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ಒಂದು ಸಂಜೆ ಮಗಳು ಕೆಲಸ ಮುಗಿಸಿ ಒಳಗೆ ಕಾಲಿಡುವಾಗ, ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ವಾಕರ್ ಹಿಡಿದು ತೂಗಾಡುತ್ತಿದ್ದಳು. ಮಗಳು ಕಿರುಚಿದ್ದು ಪಕ್ಕದ ಮನೆಗೂ ಕೇಳಿಸಿತ್ತು.

"ಡಾಕ್ಟರೇ ನಡೀಬೇಕು ಅಂದಿದ್ದಾರೆ ಕಣೇ," ಅಂದಳು ಅಮ್ಮ.

"ನಡಿ, ನಾನಿರುವಾಗ ನಡಿ. ಬಿದ್ರೆ ಯಾರು ನೋಡ್ಕೋತಾರೆ? ಅಪ್ಪನ ಕೈಲಿ ನಿನ್ನ ಎತ್ತೋಕಾಗುತ್ತಾ? ನಂಗೆ ಇನ್ನೊಂದು ರಜ ಕೊಡಲ್ಲ ಫ್ಯಾಕ್ಟರಿಲಿ."

ಎತ್ತಲಾಗುತ್ತಿರಲಿಲ್ಲ, ಅದು ನಿಜ. ಅಮ್ಮ ಉದ್ದ, ಅಪ್ಪ ಗಿಡ್ಡ. ಮದುವೆಯಾದ ದಿನದಿಂದಲೂ ಬೀದಿಯಲ್ಲಿ ಅವರ ಹೆಸರು ಏಣಿ-ಸ್ಟೂಲು. ಅಪ್ಪನ ಅಂಗಿಗೆ ಬಟ್ಟೆ ಕತ್ತರಿಸುವಾಗ ಅಮ್ಮ, "ಉಳಿದಿದ್ರಲ್ಲಿ ಒಂದು ದಿಂಬಿನ ಚೀಲಾನೂ ಆಗುತ್ತೆ," ಅನ್ನುತ್ತಿದ್ದಳು.

"ಸೊಂಟ ಹೊಸದು ಹಾಕಿದ್ದಾರೆ. ನಿನ್ನ ಭಯ ಮಾತ್ರ ಹಳೇದೇ," ಅಂದಳು ಅಮ್ಮ ಆ ಸಂಜೆ.

ಮರುದಿನದಿಂದ ಮಗಳು ಕೆಲಸಕ್ಕೆ ಹೊರಡುವಾಗ ವಾಕರನ್ನು ಅಮ್ಮನ ಕೈಗೆ ಸಿಗದಂತೆ ಬಾಗಿಲ ಹಿಂದೆ ಇಟ್ಟು ಹೋಗತೊಡಗಿದಳು. ಸಂಜೆ ಬಂದಾಗ ಬಟ್ಟೆ ಒಗೆಯುವುದು, ಅಡುಗೆ, ತನ್ನ ಮಕ್ಕಳ ಪಾಠ. ಎಲ್ಲ ಮುಗಿದು ಅಮ್ಮನ ಹತ್ತಿರ ಬರುವಷ್ಟರಲ್ಲಿ ಮಗಳ ಕಣ್ಣುಗಳೇ ಮುಚ್ಚಿಹೋಗುತ್ತಿದ್ದವು.

"ನಾಳೆ ನಡಿಯೋಣ ಅಮ್ಮ."

"ಆಗ್ಲಿ, ಮಲ್ಕೋ ಹೋಗು," ಅನ್ನುತ್ತಿದ್ದಳು ಅಮ್ಮ.

ವಾಕರ್ ಯಾವಾಗಲೂ ಇಟ್ಟಲ್ಲೇ ಇರುತ್ತಿತ್ತು. ಅದರ ಕಾಲಿನ ರಬ್ಬರು ಸವೆದಿದ್ದನ್ನು ಅವಳು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

*

ಬೀದಿ ಕಿರಿದು. ವ್ಯಾನು ಒಳಗೆ ಬರದೆ ದೊಡ್ಡ ರಸ್ತೆಯಲ್ಲಿ, ಆಪರೇಷನ್ನಿನಿಂದ ಮುಚ್ಚಿದ್ದ ಅಮ್ಮನ ಹೊಲಿಗೆ ಅಂಗಡಿಯ ಪಕ್ಕ ನಿಂತಿತ್ತು. ಅಲ್ಲಿಯವರೆಗೆ ಹೆಗಲ ಮೇಲೆಯೇ ಹೋಗಬೇಕು. ಅಮ್ಮನನ್ನು ಎತ್ತಿದರು. ಅಪ್ಪ ಕುರ್ಚಿ ಎತ್ತಿಕೊಂಡ.

"ಭಾವಾ, ಕುರ್ಚಿ ಯಾಕೆ? ನೋಡಿದೋರು ಏನಂತಾರೆ?" ಎಂದು ಚಿಕ್ಕಮ್ಮ ತಡೆದಳು. ಅವನಿಗೆ ಕೇಳಿಸಿದಂತೆ ಕಾಣಲಿಲ್ಲ.

ಬೀದಿ ನಲ್ಲಿಯ ಹತ್ತಿರ ಬಂದಾಗ ಅಪ್ಪನ ಕಾಲು ತಾನಾಗಿಯೇ ನಿಂತಿತು. ಕುರ್ಚಿ ಇಳಿಸಿದ. ಅಂಗಿಯ ಜೇಬಿನಿಂದ ಮರದ ಚೂರೊಂದನ್ನು ತೆಗೆದು, ಕುರ್ಚಿಯ ಕುಂಟುವ ಕಾಲಿನ ಕೆಳಗೆ ತೂರಿಸಿ, ಅಲುಗಾಡಿಸಿ ನೋಡಿದ. ಆಮೇಲೆ ಖಾಲಿ ಕುರ್ಚಿಯನ್ನೇ ದಿಟ್ಟಿಸುತ್ತ ಸ್ವಲ್ಪ ಹೊತ್ತು ನಿಂತು, ಚೂರನ್ನು ಜೇಬಿಗೆ ಹಾಕಿಕೊಂಡು ಕುರ್ಚಿ ಎತ್ತಿದ. ಇಸ್ತ್ರಿ ಗಾಡಿಯ ಹತ್ತಿರವೂ ಹಾಗೇ ಆಯಿತು. ವಿದ್ಯುತ್ ಕಂಬದ ಹತ್ತಿರ ಜೇಬಿನಿಂದ ಬೇರೆಯೇ ಚೂರು ತೆಗೆದ, ಇದು ತುಸು ದಪ್ಪ. ಒಂದೊಂದು ಜಾಗಕ್ಕೂ ಒಂದೊಂದನ್ನು ಕೆತ್ತಿಟ್ಟುಕೊಂಡಿದ್ದ.

ಮಗಳ ಪಕ್ಕದಲ್ಲಿ ಬರುತ್ತಿದ್ದ ಇಸ್ತ್ರಿಯವನು ಮೆಲ್ಲಗೆ ಹೇಳಿದ:

"ನಿನ್ನೆ ಈ ಕಂಬದವರೆಗೂ ಬಂದಿದ್ರು. ಇನ್ನೇನು ಅಂಗಡಿ, ಅಲ್ಲೇ ಕಾಣುತ್ತೆ. ಹೋಗೇಬಿಡೋಣ ಅಂತ ಅಕ್ಕ ಹಟ ಮಾಡಿದ್ರು. ಮೇಸ್ತ್ರಿನೇ ಬೇಡ ಅಂದಿದ್ದು. ಇವತ್ತಿಗೆ ಸಾಕು, ನಾಳೆ ಹೋಗೋಣ ಅಂದ್ರು."

ಮಗಳು ಕಂಬದಿಂದ ಅಂಗಡಿಯವರೆಗಿನ ದಾರಿ ನೋಡಿದಳು.

"ನಿಮ್ಗೆ ಹೇಳಕೂಡದು ಅಂತ ನಮಗೆಲ್ಲ ತಾಕೀತು ಮಾಡಿದ್ರಮ್ಮ ಅಕ್ಕ. ಸಂಜೆ ನೀವು ಬಸ್ಸಿಳಿಯೋ ಹೊತ್ಗೆ ಅಂಗಡಿ ಬಾಗಿಲಲ್ಲಿ ನಿಂತಿರ್ಬೇಕು, ವಾಕರ್ ಇಲ್ದೆ. ಮಗಳ ಭಯ ಬಿಡಿಸ್ತೀನಿ, ಪಾಪ, ದುಡಿದು ದುಡಿದು ಸೋತಿದಾಳೆ ಅನ್ನೋರು."

ಅಂಗಡಿ ಬಂತು. ಶಟರಿನ ಬೀಗದ ಮೇಲೆ ಧೂಳು ಕೂತಿತ್ತು. ಅಮ್ಮನನ್ನು ವ್ಯಾನಿನೊಳಗೆ ಇಳಿಸಿದರು. ಹೆಗಲು ಕೊಟ್ಟವರು ಬೆವರೊರೆಸಿಕೊಂಡು ಅತ್ತಿತ್ತ ಚದುರಿದರು. ಅಪ್ಪ ಕುರ್ಚಿಯನ್ನು ಅಪ್ಪಿಕೊಂಡು ಅಂಗಡಿಯ ಮುಂದೆ ನಿಂತೇ ಇದ್ದ. ಇಷ್ಟು ದೂರ ಅದು ಎಂದೂ ಬಂದಿರಲಿಲ್ಲ. ಎಲ್ಲಿ ಇಳಿಸಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಮಗಳು ಹೋಗಿ ಅವನ ಕೈಯಿಂದ ಕುರ್ಚಿ ತೆಗೆದುಕೊಂಡಳು. ಶಟರಿನ ಮುಂದೆ, ಬಸ್ ನಿಲ್ದಾಣಕ್ಕೆ ಮುಖವಾಗಿ ಇಟ್ಟಳು. ಕುರ್ಚಿ ಕುಂಟಿತು. ಅವಳು ಅಪ್ಪನ ಜೇಬಿಗೆ ಕೈಹಾಕಿ ಒಂದು ಚೂರು ತೆಗೆದು ಕಾಲಿನ ಕೆಳಗೆ ಇಟ್ಟಳು. ಸರಿಹೊಂದಲಿಲ್ಲ. ಇನ್ನೊಂದನ್ನು ಇಟ್ಟಳು. ಕುರ್ಚಿ ಗಟ್ಟಿಯಾಗಿ ನಿಂತಿತು.

"ಕೂತ್ಕೋ ಅಪ್ಪ."

"ವ್ಯಾನು ಕಾಯ್ತಿದೆ."

"ಕಾಯ್ಲಿ. ಒಂದು ಗಳಿಗೆ ಕೂತ್ಕೋ."

ಅಪ್ಪ ಎರಡೂ ತೋಳುಗಳ ಮೇಲೆ ಕೈಯೂರಿ, ಜಗಲಿ ಹತ್ತುವವನ ಹಾಗೆ ಹತ್ತಿ ಕೂತ. ಎದುರಿಗೆ ಬಸ್ಸೊಂದು ಬಂದು ನಿಂತು, ಜನರನ್ನು ಇಳಿಸಿ, ಮುಂದೆ ಹೋಯಿತು. ಅವನು ಇಳಿದವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ. ಅವನ ಕಾಲುಗಳು ನೆಲಕ್ಕೆ ಎಟುಕದೆ ಗಾಳಿಯಲ್ಲಿ ಸಣ್ಣಗೆ ತೂಗುತ್ತಿದ್ದವು.