ಹೆಬ್ಬಾತುಗಳ ಬೆನ್ನು ಹಿಡಿದ ಮೇಷ್ಟ್ರು

ಅವರಿಗೆ ಕೊಕ್ಕರೆ ಮೇಷ್ಟ್ರು ಎಂಬ ಹೆಸರು ಬಂದಿದ್ದು ಹಕ್ಕಿಗಳಿಂದಲ್ಲ, ಕಾಲುಗಳಿಂದ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಸಿದ ಮನುಷ್ಯ. ಉದ್ದ ಕಾಲು, ಬಾಗಿದ ಕತ್ತು, ಬೋರ್ಡಿನ ಮುಂದೆ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲುವ ಅಭ್ಯಾಸ, ಮಕ್ಕಳು ಬಿಡುತ್ತಾರೆಯೇ? ಹಕ್ಕಿಗಳ ಹುಚ್ಚು ಆಮೇಲೆ ಹತ್ತಿಕೊಂಡಿತು. ಎಲೆ ಉದುರುವ ಕಾಲ ಬಂದು ಉತ್ತರದಿಂದ ಬಾತು, ಹೆಬ್ಬಾತುಗಳು ಇಳಿಯತೊಡಗಿದರೆ ಸಾಕು, ಪಕ್ಷಿವೀಕ್ಷಕರ ಬಳಗದ ವ್ಯಾನಿನಲ್ಲಿ ಮುಂದಿನ ಸೀಟು ಮೇಷ್ಟ್ರದ್ದು. ಇಪ್ಪತ್ತು ವರ್ಷ ಬಳಗದವರಿಗೆ ದಾರಿ ತೋರಿಸಿದವರು ಅವರೇ.

ಈಗ ಅವರಿಗೇ ಬಚ್ಚಲಮನೆಯ ದಾರಿ ತೋರಿಸಬೇಕಿತ್ತು. ಮರೆವಿನ ಕಾಯಿಲೆ ಮೂರು ವರ್ಷದಲ್ಲಿ ಅವರನ್ನು ಗೆದ್ದಲಿನ ಹಾಗೆ ಒಳಗಿಂದೊಳಗೇ ತಿಂದಿತ್ತು. ಹೆಂಡತಿಯನ್ನು ಒಮ್ಮೆ ಅಕ್ಕ ಎನ್ನುವರು, ಒಮ್ಮೆ ನರ್ಸಮ್ಮ ಎನ್ನುವರು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. "ಪರವಾಗಿಲ್ಲ, ಹತ್ತಿರ ಹತ್ತಿರ ಇದೆ," ಎಂದು ಮೊದಮೊದಲು ನಗುತ್ತಿದ್ದಳು. ಆಮೇಲೆ ನಗು ನಿಂತಿತು.

ಬಳಗದ ಮುಖ್ಯಸ್ಥೆ ಒಬ್ಬ ಹಲ್ಲಿನ ಡಾಕ್ಟರು. ಈ ಸಲ ಪಕ್ಷಿಧಾಮಕ್ಕೆ ಹೊರಡುವ ಹಿಂದಿನ ದಿನ ಮೇಷ್ಟ್ರ ಹೆಂಡತಿಗೆ ಫೋನ್ ಮಾಡಿ, "ಅಕ್ಕಾ, ತಪ್ಪು ತಿಳ್ಕೋಬೇಡಿ. ಹೋದ ಸಲ ಅರ್ಧ ದಿನ ಮೇಷ್ಟ್ರನ್ನ ಹುಡುಕೋದ್ರಲ್ಲೇ ಕಳೀತು. ಇದೇ ಕೊನೇ ಸಲ. ಅದೂ ನೀವು ಅವರನ್ನ ಒಂದು ಕ್ಷಣ ಬಿಡಲ್ಲ ಅಂದ್ರೆ ಮಾತ್ರ," ಎಂದಿದ್ದಳು.

"ಬಿಡಲ್ಲಮ್ಮ," ಎಂದು ಅವಳು ಮಾತು ಕೊಟ್ಟಳು. ಒಂದು ವಾರದಿಂದ ಅವಳಿಗೆ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ ಎಂಬುದನ್ನು ಹೇಳಲಿಲ್ಲ. ಮೇಷ್ಟ್ರು ಮಲಗುತ್ತಲೇ ಇರಲಿಲ್ಲ. ಬಾಗಿಲ ಚಿಲಕ ತಡಕುತ್ತಾ ಮನೆಯೆಲ್ಲ ಓಡಾಡುತ್ತಿದ್ದರು.

ಪಕ್ಷಿಧಾಮ ಎಂದರೆ ಕಣ್ಣು ಹಾಯುವಷ್ಟೂ ಜವುಗು, ಆಳೆತ್ತರದ ಜೊಂಡು, ನಡುವೆ ಒಂದು ಮಣ್ಣಿನ ಏರಿ. ಗೇಟಿನ ಹತ್ತಿರ ಗಾರ್ಡು ಎಲ್ಲರಿಗೂ ಹೇಳಿದ್ದ: "ನಾಲ್ಕು ಗಂಟೆಗೆ ತೂಬು ಎತ್ತಿ ಕೆಳಗಿನ ಜವುಗಿಗೆ ನೀರು ಬಿಡ್ತೀವಿ. ಯಾರೂ ಏರಿ ಬಿಟ್ಟು ಕೆಳಗೆ ಇಳೀಬಾರ್ದು." ಉಳಿದವರು ದೂರದ ಗೋಪುರಕ್ಕೆ ಹೋದರು. ಗಂಡ ಹೆಂಡತಿ ಇಬ್ಬರೂ ಏರಿಯ ಮೇಲೆ ಹಕ್ಕಿ ನೋಡಲೆಂದೇ ಕಟ್ಟಿದ್ದ ಮರದ ಕೋಣೆಯಲ್ಲಿ ಕೂತರು. ಗೋಡೆಯ ಉದ್ದಕ್ಕೂ ಒಂದು ಸೀಳುಕಿಟಕಿ, ಅದರ ಮುಂದೆ ಬೆಂಚು. ಮೇಷ್ಟ್ರು ಬೈನಾಕ್ಯುಲರ್ ಕಣ್ಣಿಗೇರಿಸಿದ್ದೇ ತಡ, ಮಗುವಿನ ಹಾಗೆ ಸುಮ್ಮನಾದರು. ಎಷ್ಟೋ ದಿನದ ಮೇಲೆ ಆ ನಿಶ್ಶಬ್ದ. ಅವಳು ಗೋಡೆಗೆ ತಲೆ ಒರಗಿಸಿದಳು. ಒಂದೇ ನಿಮಿಷ ಎಂದುಕೊಂಡಳು.

ಎಚ್ಚರವಾದಾಗ ಬೆಂಚು ಖಾಲಿ. ಬಾಗಿಲು ಗಾಳಿಗೆ ಪಟಪಟ ಬಡಿಯುತ್ತಿತ್ತು. ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷ.

ಮೊದಲು ಅವಳಿಗೆ ಆಗಿದ್ದು ಭಯವಲ್ಲ. ಎದೆಯ ಮೇಲಿಂದ ಯಾರೋ ಕಲ್ಲು ಇಳಿಸಿದಂತಾಯಿತು. 'ಹೋದರು. ಮುಗೀತು.' ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಮರುಕ್ಷಣ ತನ್ನ ಮನಸ್ಸಿಗೆ ತಾನೇ ಹೇಸಿ ಹೊರಗೆ ಓಡಿದಳು.

"ರೀ! ರೀ, ಎಲ್ಲಿದ್ದೀರಿ?"

ಏರಿಯ ಇಳಿಜಾರಿನಲ್ಲಿ ಹೆಜ್ಜೆಗುರುತು ಜೊಂಡಿನೊಳಗೆ ಇಳಿದಿತ್ತು. ಫೋನು ತೆಗೆದು ಡಾಕ್ಟರಿಗೆ ಒತ್ತಿದಳು. "ಕೆಳಗೆ ಇಳಿದುಬಿಟ್ಟಿದ್ದಾರೆ. ತೂಬು ನಿಲ್ಸೋಕೆ ಹೇಳಮ್ಮ, ನಿನ್ನ ದಮ್ಮಯ್ಯ!"

"ಗಾರ್ಡ್‌ಗೆ ಹೇಳ್ತೀನಿ. ಅಕ್ಕಾ, ನೀವು ಮಾತ್ರ ಇಳೀಬೇಡಿ. ಕೇಳಿಸ್ತಾ?"

ಕೇಳಿಸಿತ್ತು. ಅವಳು ಆಗಲೇ ಇಳಿದಿದ್ದಳು.

ಜೊಂಡು ಮುಖಕ್ಕೆ ರಾಚುತ್ತಿತ್ತು, ಕೆಸರು ಚಪ್ಪಲಿ ಕಿತ್ತುಕೊಂಡಿತು. ಐವತ್ತು ಹೆಜ್ಜೆಯಾಚೆ ಒಂದು ಬಯಲು. ನಡುವೆ ಮೇಷ್ಟ್ರು ತೊಡೆಯ ತನಕ ಹೂತುಹೋಗಿ, ಬೈನಾಕ್ಯುಲರ್ ಹಿಡಿದು ನಿಂತಿದ್ದರು. ಮುಂದೆ ನೂರಾರು ಹೆಬ್ಬಾತುಗಳು ಅವರು ತಮ್ಮವರೇ ಎಂಬಂತೆ ಮೇಯುತ್ತಿದ್ದವು.

ಒಂದು ಹೆಜ್ಜೆ ಮುಂದಿಟ್ಟಳು. ಮೊಣಕಾಲ ತನಕ ಹೂತಳು. ಕಷ್ಟಪಟ್ಟು ಕಾಲು ಕಿತ್ತುಕೊಂಡು, ಬಯಲಂಚಿನಲ್ಲಿ ಗೂಟಕ್ಕೆ ಒರಗಿಸಿದ್ದ ಹಳೆಯ ಹಲಗೆಯೊಂದನ್ನು ಎಳೆದು ಕೆಸರಿನ ಮೇಲೆ ಹಾಕಿ, ಅದರ ಮೇಲೆ ಬೋರಲು ಮಲಗಿ ತೆವಳಿದಳು. ಅಷ್ಟರಲ್ಲಿ ದೂರದಲ್ಲಿ ಕಬ್ಬಿಣ ಕಿರುಗುಟ್ಟಿತು. ತೂಬು ಎದ್ದಿತ್ತು.

"ಕೈ ಕೊಡ್ರೀ! ನೀರು ಬರ್ತಿದೆ!"

ತೋಳು ಹಿಡಿದದ್ದೇ ತಪ್ಪಾಯಿತು. ಮೇಷ್ಟ್ರು ಬೆಚ್ಚಿ ಬೈನಾಕ್ಯುಲರ್ ಬೀಸಿದರು. ಅವಳ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು.

"ಯಾರಮ್ಮ ನೀವು? ಮೈ ಮುಟ್ಟಬೇಡಿ. ನಮ್ಮ ಮನೆಯವಳು ಬರ್ಲಿ, ಅವಳ ಜೊತೆ ಬರ್ತೀನಿ."

"ನಾನೇ ಕಣ್ರೀ ನಿಮ್ಮ ಮನೆಯವಳು!"

"ಸುಳ್ಳು. ಅವಳು ಹೀಗೆ ಅರಚಲ್ಲ."

ನೀರು ಬಂತು. ಭೋರ್ಗರೆಯದೆ, ಕಳ್ಳಹೆಜ್ಜೆ ಇಟ್ಟ ಹಾಗೆ ಜೊಂಡಿನ ಬುಡದಿಂದ ಹರಡಿ ಹಲಗೆಯ ಅಂಚು ಮುಟ್ಟಿತು. ಅವಳು ಬೇಡಿದಳು, ಗದರಿದಳು, ಅತ್ತಳು. ಎಳೆದಷ್ಟೂ ಮೇಷ್ಟ್ರು ಕೊಸರಿಕೊಂಡರು, ಕೊಸರಿದಷ್ಟೂ ಹೂತರು. ನೀರು ಅವರ ಸೊಂಟಕ್ಕೆ ಬಂದಿತ್ತು. ಇನ್ನು ಅರಚಲೂ ಅವಳಲ್ಲಿ ಶಕ್ತಿ ಇರಲಿಲ್ಲ. ಹಲಗೆಯ ಮೇಲೆ ಕೆನ್ನೆಯಿಟ್ಟು ಮಲಗಿಬಿಟ್ಟಳು. ಇಬ್ಬರೂ ಇಲ್ಲೇ ಹೋಗೋಣ ಎನ್ನಿಸಿತು. ಯಾರಿಗೆ ಏನು ನಷ್ಟ?

ಹಾಗೆ ಸೋತು ಮಲಗಿದ್ದಾಗಲೇ ಹೊಳೆದದ್ದು. ಹೆಂಡತಿಯ ಮಾತು ಕೇಳದ ಈ ಮನುಷ್ಯ, ಕೈ ಎತ್ತಿದ ವಿದ್ಯಾರ್ಥಿಯನ್ನು ಜನ್ಮದಲ್ಲಿ ಕಡೆಗಣಿಸಿದವರಲ್ಲ.

ಅವಳು ಕೈ ಎತ್ತಿದಳು. ದನಿ ತಗ್ಗಿಸಿ, "ಸಾರ್," ಎಂದಳು. "ಹಕ್ಕಿ ನೋಡೋಕೆ ಬಂದೆ. ಕೆಸರಲ್ಲಿ ಸಿಕ್ಕಿಹಾಕ್ಕೊಂಡೆ. ಹೊರಗೆ ಬರೋದು ಹೇಗೆ ಅಂತ ಗೊತ್ತಾಗ್ತಿಲ್ಲ. ಹೇಳ್ಕೊಡ್ತೀರಾ?"

ಮೇಷ್ಟ್ರು ತಿರುಗಿದರು. ಮುಖ ಒಮ್ಮೆಲೇ ತಿಳಿಯಾಯಿತು.

"ಒದ್ದಾಡಬೇಡಿ. ಮೊದಲನೇ ಪಾಠ ಅದೇ. ಎಲ್ಲರೂ ಮಾಡೋ ತಪ್ಪು ಅದು. ಹಿಂದಕ್ಕೆ ಒರಗಿ, ಹಾಸಿಗೆ ಮೇಲೆ ಒರಗಿದ ಹಾಗೆ."

"ಹೇಗೆ ಸಾರ್? ಒಂದ್ಸಲ ತೋರಿಸಿ."

"ಹೀಗೆ." ಅವರು ಬೆನ್ನು ಹಿಂದಕ್ಕೆ ಒರಗಿಸಿದರು. ಅವಳು ಹಲಗೆಯನ್ನು ಅವರ ಬೆನ್ನಡಿಗೆ ನೂಕಿ, ತಾನು ಅದರ ತುದಿಗೆ ಜಾರಿದಳು. ಮೇಷ್ಟ್ರ ಪಾಠ ಮುಂದುವರಿಯಿತು: "ಆಮೇಲೆ ಒಂದು ಕಾಲು. ಒಂದೇ. ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ. ಕೆಸರಿಗೆ ನೀರು ಕುಡಿಸಬೇಕು. ಅವಸರ ಮಾಡಿದ್ರೆ ಕೆಟ್ಟಿರಿ."

"ಅರ್ಥ ಆಗ್ಲಿಲ್ಲ ಸಾರ್. ಇನ್ನೊಂದ್ಸಲ."

ಎರಡು ಸಲ, ಮೂರು ಸಲ. ಕೊನೆಗೆ ಪಚಕ್ಕೆಂದು ಒಂದು ಕಾಲು ಬಿಟ್ಟುಕೊಂಡಿತು. ಅವಳು ಅವರ ಕೋಟಿನ ಕತ್ತುಪಟ್ಟಿ ಹಿಡಿದು, ಗಲ್ಲ ನೀರಿನ ಮೇಲೆ ನಿಲ್ಲಿಸಿ, "ಹೌದು ಸಾರ್, ಆಯ್ತು ಸಾರ್," ಎನ್ನುತ್ತಲೇ ಇದ್ದಳು. ಎರಡನೇ ಕಾಲು ಬರುವ ಹೊತ್ತಿಗೆ ಗಾರ್ಡು ಹಗ್ಗ, ಗಳ ಹಿಡಿದು ಜೊಂಡು ಸೀಳಿಕೊಂಡು ಬಂದ. ತೂಬು ಇಳಿಸಲು ಓಡಿದವನು ಇನ್ನೂ ದಾರಿಯಲ್ಲೇ ಇದ್ದನಂತೆ. ಹೆಬ್ಬಾತುಗಳು ಒಟ್ಟಿಗೆ ಮೇಲೆದ್ದು ಹೋದವು. ಯಾರೂ ನೋಡಲಿಲ್ಲ.

ವ್ಯಾನಿನಲ್ಲಿ ಡಾಕ್ಟರು ಅವಳ ಹುಬ್ಬಿಗೆ ಬ್ಯಾಂಡೇಜು ಹಾಕಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಮನೆಯಲ್ಲಿ ಬಿಸಿನೀರು ಹೊಯ್ದು ಮೇಷ್ಟ್ರ ಕಾಲು ತಿಕ್ಕುತ್ತಿದ್ದಳು. ಉಗುರುಸಂದಿಯ ಕೆಸರು ಬಿಡುತ್ತಲೇ ಇರಲಿಲ್ಲ. "ನೀವು ಬೇಗ ಕಲೀತೀರಿ," ಎಂದರು ಮೇಷ್ಟ್ರು, ಅವಳ ತಲೆಯ ಮೇಲೆ ಕೈಯಿಟ್ಟು. ಅವಳಿಗೆ ತಡೆಯಲಾಗಲಿಲ್ಲ. ಅವರನ್ನು ಒರೆಸಿ, ಕುರ್ಚಿಯಲ್ಲಿ ಕೂರಿಸಿ, ಬಾಗಿಲಿಗೆ ಬೀಗ ಹಾಕಿ, ಬೇರೆ ಊರಿನಲ್ಲಿದ್ದ ತಂಗಿಗೆ ಫೋನ್ ಮಾಡಿದಳು. ಎರಡು ವರ್ಷದಿಂದ ತಂಗಿ ವಿಚಾರಿಸಿದಾಗಲೆಲ್ಲ ತಾನು 'ಎಲ್ಲಾ ಚೆನ್ನಾಗಿದೆ' ಎನ್ನುತ್ತ ಬಂದಿದ್ದಳು.

"ನನ್ನಿಂದ ಆಗ್ತಿಲ್ಲ ಕಣೇ," ಎಂದಳು. "ಇವತ್ತು ಅವರು ಕಾಣ್ದೆ ಹೋದಾಗ ನಂಗೆ ಹಾಯೆನ್ನಿಸ್ತು. ಕೇಳಿಸ್ಕೊಂಡ್ಯಾ? ಹಾಯೆನ್ನಿಸ್ತು."



"ಕೇಳಿಸ್ತು ಅಕ್ಕಾ," ಎಂದಳು ತಂಗಿ. "ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೊರಡ್ತೀನಿ. ಅಲ್ಲೀವರೆಗೂ ಫೋನ್ ಇಡಬೇಡ. ಮಾತಾಡ್ತಾ ಇರು."

ಅವಳು ಗೋಡೆಗೆ ಆತು ನೆಲದ ಮೇಲೆ ಕುಸಿದು ಕೂತಳು. ಮಾತಿನ ಬದಲು ಬಿಕ್ಕು ಬಂತು. ತಂಗಿ ಕೇಳಿಸಿಕೊಳ್ಳುತ್ತಲೇ ಇದ್ದಳು.